ಬಾಲೇವಾಡಿಯ 50 ಮೀಟರ್ ರೇಂಜಿನಲ್ಲಿ ಗಾಳಿ ಓದುವ ಬಗೆ

ಪುಣೆಯ ಬಾಲೇವಾಡಿಯಲ್ಲಿ ರೈಫಲ್ ಕಲಿಯುವ ನಮ್ಮ ಕನ್ನಡದ ಮಕ್ಕಳು 10 ಮೀಟರಿನ ಏರ್ ರೈಫಲ್ ಹಾಲ್ ಬಿಟ್ಟು 50 ಮೀಟರಿಗೆ ಬಂದ ಕೂಡಲೇ ಕೋಚ್ ಬಾಯಲ್ಲಿ ಕೇಳುವ ಮಾತು ‘ವಾರಾ ಬಘ್’, ಗಾಳಿ ನೋಡು ಅಂತ. ಇದೇ ಊರಲ್ಲಿ ಪಳಗಿದ ಸ್ವಪ್ನಿಲ್ ಕುಸಾಳೆ 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಕಂಚು ಗೆದ್ದದ್ದೂ 50 ಮೀಟರಿನಲ್ಲೇ. ಗಾಳಿ ನೋಡಿದ ಮೇಲೆ ಮಾಡಬೇಕಾದ್ದೇನು ಎಂಬುದು ಗುಂಡು ಹಾರುವ ಬಗೆ ತಿಳಿದರೆ ತಾನಾಗಿ ಹೊಳೆಯುತ್ತದೆ.

50 ಮೀಟರಿನಲ್ಲಿ ಹೊಡೆಯುವ ಪಾಯಿಂಟ್ ಟೂ ಟೂ (0.22 ಇಂಚು ಅಡ್ಡಳತೆಯ) ಮ್ಯಾಚ್ ಗುಂಡಿನ ತೂಕ 40 ಗ್ರೇನ್, ಅಂದರೆ 2.6 ಗ್ರಾಂ. ನಳಿಗೆಯಿಂದ ಸೆಕೆಂಡಿಗೆ ಸುಮಾರು 325 ಮೀಟರ್ ವೇಗದಲ್ಲಿ ಹೊರಟು 0.16 ಸೆಕೆಂಡಿನಲ್ಲಿ ಟಾರ್ಗೆಟ್ ಮುಟ್ಟುತ್ತದೆ. ಸೆಕೆಂಡಿಗೆ 2 ಮೀಟರಿನ ಅಡ್ಡಗಾಳಿಯಲ್ಲಿ ಒಣಎಲೆಯಾದರೆ ಅಷ್ಟು ಹೊತ್ತಿಗೆ 32 ಸೆಂಟಿಮೀಟರ್ ಸರಿಯುತ್ತಿತ್ತು. ಗುಂಡು ಸರಿಯುವುದು 11-12 ಮಿಲಿಮೀಟರ್ ಮಾತ್ರ. ಏಕೆಂದರೆ ಗಾಳಿ ಅದನ್ನು ಪಕ್ಕದಿಂದ ತಳ್ಳಿಕೊಂಡು ಹೋಗುವುದಿಲ್ಲ. ಒಳಗಿನ ಸುರುಳಿ ಗೀರು 16 ಇಂಚಿಗೆ ಒಂದು ಸುತ್ತು ಹಾಕುವ ನಳಿಗೆಯಲ್ಲಿ ಸೆಕೆಂಡಿಗೆ ಸುಮಾರು 800 ಸುತ್ತು ತಿರುಗುತ್ತ ಬಂದ ಗುಂಡು, ಹೊರಬಿದ್ದ ತಕ್ಷಣ ಗಾಳಿ ಬರುವ ಕಡೆಗೆ ಕೂದಲೆಳೆಯಷ್ಟು ಮೂತಿ ತಿರುಗಿಸುತ್ತದೆ. ಎದುರಿನ ಗಾಳಿಯ ತಡೆ ಅದನ್ನು ಹಿಂದಕ್ಕೆ ಎಳೆಯುವಾಗ, ಆ ಎಳೆತದ ಒಂದು ಸಣ್ಣ ಪಾಲು ಪಕ್ಕಕ್ಕೂ ಬೀಳುತ್ತದೆ. ಹಾಗಾಗಿ ದಾರಿಯಲ್ಲಿ ಎಷ್ಟು ಹೊತ್ತು ಕಳೆದುಕೊಂಡಿತೋ ಅಷ್ಟೇ ಸರಿತ. ತಡೆಯೇ ಇಲ್ಲದಿದ್ದರೆ 0.154 ಸೆಕೆಂಡ್ ಸಾಕಿತ್ತು. ಹೆಚ್ಚಾದ ಆ ಸುಮಾರು 0.006 ಸೆಕೆಂಡನ್ನು ಗಾಳಿಯ ವೇಗಕ್ಕೆ ಗುಣಿಸಿ, ಉತ್ತರ ಬರುತ್ತದೆ.

ಗುಂಡು ಕೊಳ್ಳುವಾಗ ಎಡವುವುದು ಇಲ್ಲೇ. ‘ಹೈ ವೆಲಾಸಿಟಿ’ ಡಬ್ಬಿ ನೋಡಿ, ಬೇಗ ಹೋದರೆ ಗಾಳಿಗೆ ಸಿಗುವುದಿಲ್ಲ ಅಂದುಕೊಳ್ಳುತ್ತಾರೆ. ಆಗುವುದು ತಿರುಗುಮುರುಗು. ಶಬ್ದದ ವೇಗದ ಆಸುಪಾಸಿನಲ್ಲಿ ಗಾಳಿಯ ತಡೆ ಒಮ್ಮೆಲೇ ಏರುತ್ತದೆ. 380 ಮೀಟರ್ ವೇಗದಲ್ಲಿ ಹೊರಟ ಗುಂಡು ಆ ತಡೆಯಲ್ಲೇ ವೇಗ ಕಳೆದುಕೊಂಡು, ನಿಧಾನದ ಗುಂಡಿಗಿಂತ ಹೆಚ್ಚು ಸರಿಯುತ್ತದೆ. ಸ್ಟ್ಯಾಂಡರ್ಡ್ ವೆಲಾಸಿಟಿಯನ್ನೇ, ಅಂದರೆ ಮೇಲೆ ಹೇಳಿದ 325 ಮೀಟರಿನ ಆಸುಪಾಸಿನದನ್ನೇ ತಗೊಳ್ಳಿ. ಡಿಸೆಂಬರಿನ 12 ಡಿಗ್ರಿ ಬೆಳಗಿನಲ್ಲಿ ಶಬ್ದದ ವೇಗ 339 ಮೀಟರ್, ಏಪ್ರಿಲಿನ 38 ಡಿಗ್ರಿಯಲ್ಲಿ 354. ಅಂದರೆ ಚಳಿಯಲ್ಲಿ ಅದೇ ಗುಂಡು ಆ ಗಡಿಗೆ ಇನ್ನಷ್ಟು ಹತ್ತಿರ. ಬೇಸಿಗೆಯ ಟಿಪ್ಪಣಿ ಚಳಿಗಾಲಕ್ಕೆ ಹೊಂದುವುದಿಲ್ಲ. ಮುಂಬೈಗಿಂತ ಪುಣೆಯ ಗಾಳಿ ತೆಳು, ನಿಜ, ಆದರೆ 50 ಮೀಟರಿನಲ್ಲಿ ಅದಕ್ಕೆ ತಲೆಕೆಡಿಸಿಕೊಳ್ಳಬೇಕಿಲ್ಲ.

ಮೊದಲು ರೇಂಜಿನಲ್ಲಿ ಗಾಳಿ ತೋರಿಸುವ ಎರಡೂ ಬಾವುಟ ಜೋತು ನಿಂತಾಗ ಒಂದೇ ಲಾಟಿನ (ಒಟ್ಟಿಗೆ ತಯಾರಾದ) 10 ಗುಂಡು ಹೊಡೆದು ಜೀರೋ ಮಾಡಿಕೊಳ್ಳಿ, ಅಂದರೆ ಗುಂಡು ನಟ್ಟನಡುವಿಗೆ ಬೀಳುವಂತೆ ಸೈಟನ್ನು (ಗುರಿ ಹಿಡಿಯುವ ಸಾಧನ) ಹೊಂದಿಸಿಕೊಳ್ಳಿ. ಆಮೇಲೆ ಸೈಟನ್ನು ಎಡಕ್ಕೆ 10 ಕ್ಲಿಕ್ (ಅದರ ತಿರುಪಿನ ಒಂದೊಂದು ಮೆಟ್ಟಿಲು) ತಿರುಗಿಸಿ 5 ಗುಂಡು ಹೊಡೆಯಿರಿ. ಎರಡು ಗ್ರೂಪುಗಳ (ಗುಂಡು ಬಿದ್ದ ತೂತುಗಳ ಗುಂಪು) ನಡುವಿನಿಂದ ನಡುವಿಗೆ ಅಳೆದು ಹತ್ತರಿಂದ ಭಾಗಿಸಿದರೆ ನಿಮ್ಮ ಕ್ಲಿಕ್ಕಿನ ನಿಜವಾದ ಬೆಲೆ ಸಿಗುತ್ತದೆ. ಸೈಟಿನ ಕಾಗದದಲ್ಲಿ ಬರೆದದ್ದನ್ನು ನಂಬಿ ಕೂರಬೇಡಿ. ಟಾರ್ಗೆಟ್ಟಿನಲ್ಲಿ ವೃತ್ತದಿಂದ ವೃತ್ತಕ್ಕೆ 8 ಮಿಲಿಮೀಟರ್, ಅಂದರೆ 0.8 ಮಿಲಿಮೀಟರಿಗೆ 0.1 ಅಂಕ. 2 ಮೀಟರಿನ ಅಡ್ಡಗಾಳಿ ನಟ್ಟನಡುವಿನ ಹತ್ತನ್ನು ಒಂಬತ್ತಕ್ಕೆ ಇಳಿಸುತ್ತದೆ. ಗಾಳಿ ಗುಂಡಿನ ದಾರಿಗೆ 45 ಡಿಗ್ರಿ ಓರೆಯಾಗಿ ಬಂದರೆ ಸರಿತದ 70 ಶೇಕಡಾ, 30 ಡಿಗ್ರಿಯಲ್ಲಿ ಅರ್ಧ.

ಬಾವುಟಗಳು ಇರುವುದು 10 ಮೀಟರ್ ಮತ್ತು 30 ಮೀಟರ್ ದೂರದಲ್ಲಿ. ಹೆಚ್ಚು ಮಂದಿ ಟಾರ್ಗೆಟ್ ಕಡೆಯದನ್ನೇ ದಿಟ್ಟಿಸುತ್ತಾರೆ. ಹತ್ತಿರದ ಬಾವುಟವೇ ಮುಖ್ಯ! ಶುರುವಿನಲ್ಲೇ ತಪ್ಪಿದ ದಿಕ್ಕು ಉಳಿದ ದಾರಿಯುದ್ದಕ್ಕೂ ಬೆಳೆಯುತ್ತ ಹೋಗುತ್ತದೆ. ಒಟ್ಟು ಸರಿತದಲ್ಲಿ ಮೊದಲ 25 ಮೀಟರಿನ ಗಾಳಿಯ ಪಾಲು ಸುಮಾರು ಮುಕ್ಕಾಲು. ಗುಂಡನ್ನು ಬಲಕ್ಕೆ ತಿರುಗಿಸುವ ಬಲಸುತ್ತಿನ ನಳಿಗೆಯಲ್ಲಿ ಗುಂಡು ನೇರ ಅಡ್ಡಕ್ಕೇ ಸರಿಯುವುದಿಲ್ಲ ಎಂಬುದೂ ನೆನಪಿರಲಿ. ಬಲಗಡೆಯಿಂದ ಬರುವ ಗಾಳಿಗೆ ಎಡಕ್ಕೆ ತುಸು ಮೇಲೆ, ಗಡಿಯಾರದ ಹತ್ತರ ಕಡೆಗೆ. ಎಡಗಾಳಿಗೆ ಬಲಕ್ಕೆ ತುಸು ಕೆಳಗೆ, ನಾಲ್ಕರ ಕಡೆಗೆ. ಈ ಓರೆಗೆರೆಯ ಮೇಲೆ ಬಿದ್ದ ಗುಂಡನ್ನು ಉಸಿರಿನ ತಪ್ಪೆಂದು ತಿದ್ದಲು ಹೋಗಬೇಡಿ.

ಸೈಟರ್ (ಅಂಕಕ್ಕೆ ಸೇರದ ಪರೀಕ್ಷೆಯ ಗುಂಡು) ಹೊಡೆಯುವ ಹೊತ್ತಿನಲ್ಲಿ ಐದು ನಿಮಿಷ ಸುಮ್ಮನೆ ಬಾವುಟ ನೋಡಿ. ಮತ್ತೆ ಮತ್ತೆ ಬಂದು ತುಸು ಹೊತ್ತು ನಿಲ್ಲುವ ಒಂದು ಗಾಳಿಯನ್ನು ಆರಿಸಿ, ಅದಕ್ಕೆ ತಕ್ಕಂತೆ ಕ್ಲಿಕ್ ಹಾಕಿ, ಅದು ಬಂದಾಗ ಮಾತ್ರ ಹೊಡೆಯಿರಿ. ಅದು ತಪ್ಪಿದರೆ ಬೆರಳು ಟ್ರಿಗರಿನಿಂದ ತೆಗೆದು ಕಾಯಿರಿ. ಬಿದ್ದ ಒಂದೊಂದು ಒಂಬತ್ತಕ್ಕೂ ಕ್ಲಿಕ್ ತಿರುಗಿಸುವವರ ಗುಂಡು ಗಾಳಿಗಿಂತ ಸದಾ ಒಂದು ಹೆಜ್ಜೆ ಹಿಂದಿರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಡುವಣದ ಮಳೆಗಾಳಿ ಬಿಟ್ಟು ಬಿಟ್ಟು ಬೀಸುವಾಗ ಈ ಕಾಯುವಿಕೆಯೇ ಅರ್ಧ ಕೆಲಸ.

ಗಾಳಿಯ ಮೇಲೆ ತಪ್ಪು ಹೊರಿಸುವ ಮುನ್ನ ರೈಫಲಿನ ವಾಲು ನೋಡಿ. 50 ಮೀಟರಿನಲ್ಲಿ ಗುಂಡು ಭೂಮಿಯ ಸೆಳೆತಕ್ಕೆ ಸುಮಾರು 12.5 ಸೆಂಟಿಮೀಟರ್ ಕುಸಿಯುತ್ತದೆ; ಆ ಕುಸಿತಕ್ಕೆಂದೇ ನಳಿಗೆ ತುಸು ಮೇಲೆತ್ತಿರುತ್ತದೆ. ರೈಫಲ್ 5 ಡಿಗ್ರಿ ಬಲಕ್ಕೆ ವಾಲಿದರೆ ಗುಂಡು 11 ಮಿಲಿಮೀಟರ್ ಬಲಕ್ಕೆ ಹೋಗುತ್ತದೆ, 2 ಮೀಟರಿನ ಎಡಗಾಳಿ ಬೀಸಿದಂತೆಯೇ. ವಾಲಿಸಿ ಹಿಡಿಯುವುದು ತಪ್ಪಲ್ಲ, ಹೊಡೆತದಿಂದ ಹೊಡೆತಕ್ಕೆ ವಾಲು ಬದಲಾಗಬಾರದು. ಮುಂದಿನ ಸೈಟಿನಲ್ಲಿ ನೀರಗುಳ್ಳೆಯ ಲೆವೆಲ್ ಕೂರಿಸಿ, ಬಾವುಟ ನೋಡಿದ ಮೇಲೆ ಟ್ರಿಗರ್ ಒತ್ತುವ ಮುನ್ನ ಒಮ್ಮೆ ಅದರ ಕಡೆ ಕಣ್ಣು ಹಾಯಿಸಿ.