ಪೇರಳೆಗೆ ಗೂಟಿ ಕಟ್ಟುವುದು

ಟೊಂಗೆ ಮರದಲ್ಲಿರುವಾಗಲೇ ತೊಗಟೆ ಸುಲಿದು, ಅಲ್ಲಿ ಬೇರು ಬರಿಸಿ ಹೊಸ ಗಿಡ ಮಾಡುವುದೇ ಗೂಟಿ. ನಾನು ಕಟ್ಟಿದ ಮೊದಲ ಗೂಟಿ ನಾಲ್ಕೇ ದಿನಕ್ಕೆ ಬಾಡಿತು. ಚಾಕು ಜೋರಾಗಿ ಒತ್ತಿ ಒಳಗಿನ ಕಟ್ಟಿಗೆಯನ್ನೂ ಕೊಯ್ದಿದ್ದೆ. ಮರುವರ್ಷ ಹೆದರಿ ತೊಗಟೆಯನ್ನಷ್ಟೇ ಸುಲಿದೆ. ಎರಡು ತಿಂಗಳ ಮೇಲೆ ಬಿಚ್ಚಿದರೆ ಬೇರೇ ಇಲ್ಲ, ಗಾಯ ಕೂಡಿಕೊಂಡಿತ್ತು! "ನೀರಿನ ದಾರಿ ಒಳಗೆ, ಊಟದ ದಾರಿ ಹೊರಗೆ ಮಾರಾಯ್ತಿ. ಹೊರಗಿನದ್ದು ಮಾತ್ರ ಕಡಿ, ಆದ್ರೆ ಸರಿಯಾಗಿ ಕಡಿ" ಎಂದು ಅಮ್ಮ ನಕ್ಕಳು.

ಬೇರು ಹೀರಿದ ನೀರು ಕಟ್ಟಿಗೆಯೊಳಗಿನ ಸಣ್ಣ ಕೊಳವೆಗಳಲ್ಲಿ ಏರುತ್ತದೆ. ಅದು ಕ್ಸೈಲಮ್. ಎಲೆಯಿಂದ ನೀರು ಆವಿಯಾಗುತ್ತಿದ್ದರೆ ಸಾಕು, ಕೆಳಗಿನದ್ದು ತಾನೇ ಎಳೆದುಕೊಂಡು ಬರುತ್ತದೆ. ಎಲೆಯಲ್ಲಿ ತಯಾರಾದ ಸಕ್ಕರೆ ಇಳಿಯುವುದು ತೊಗಟೆಯ ಒಳಮೈಯಲ್ಲಿರುವ ಫ್ಲೋಯಮ್‌ನಲ್ಲಿ. ತೊಗಟೆಯನ್ನು ಬಳೆಯ ಹಾಗೆ ತೆಗೆದರೆ ಎಲೆ ಹಸಿರಾಗೇ ಇರುತ್ತದೆ, ಸಕ್ಕರೆ ಮಾತ್ರ ಗಾಯದ ಮೇಲೆ ಸಿಕ್ಕಿಬೀಳುತ್ತದೆ. ಅಲ್ಲಿ ಅಂಚು ಊದುತ್ತದೆ. ಇಟಲಿಯ ವಿಜ್ಞಾನಿ ಮಾಲ್ಪೀಗಿ 17ನೇ ಶತಮಾನದಲ್ಲೇ ಈ ಊತ ಗಮನಿಸಿದ್ದ. ನಮಗೆ ಬೇರು ಬೇಕಾಗಿರುವುದೂ ಅಲ್ಲೇ.

ಮಳೆ ಹಿಡಿದ ಮೇಲೆ ಪೆನ್ಸಿಲ್ ದಪ್ಪದ, ಗಟ್ಟಿಯಾದ ಟೊಂಗೆ ಆರಿಸಿ. ಗಿಣ್ಣಿನ ಕೆಳಗೆ ಒಂದಿಂಚು ಅಗಲ ತೊಗಟೆ ಸುತ್ತಲೂ ತೆಗೆಯಿರಿ. ಈಗ ಬೆರಳಾಡಿಸಿ ನೋಡಿ, ಜಾರುತ್ತದೆ ಅಲ್ವಾ? ಆ ಲೋಳೆ ಪದರವೇ ಹೊಸ ತೊಗಟೆ ಬೆಳೆಸಿ ಗಾಯ ಮುಚ್ಚುವುದು. ಚಾಕುವಿನ ಬೆನ್ನಿನಿಂದ ಕೆರೆಯಿರಿ. ಬಿಳಿ ಕಟ್ಟಿಗೆ ಒರಟಾಗಿ ಕೈಗೆ ಸಿಗಬೇಕು. ನನ್ನ ಎರಡನೇ ವರ್ಷ ಹಾಳಾಗಿದ್ದು ಈ ಅರ್ಧ ನಿಮಿಷದ ಕೆಲಸ ಬಿಟ್ಟಿದ್ದಕ್ಕೆ.

ಆಮೇಲಿನದ್ದು ಸುಲಭ. ನೆನೆಸಿದ ತೆಂಗಿನ ನಾರಿನ ಪುಡಿಯನ್ನು ಹಿಂಡಿ, ಒಂದು ಮುಷ್ಟಿಯಷ್ಟು ಗಾಯದ ಸುತ್ತ ಒತ್ತಿ. ಮೇಲಂಚು ಅದರೊಳಗೆ ಮುಳುಗಿರಲಿ. ಪಾರದರ್ಶಕ ಪ್ಲಾಸ್ಟಿಕ್ ಸುತ್ತಿ ಎರಡೂ ತುದಿ ಬಿಗಿಯಾಗಿ ಕಟ್ಟಿ. ಮುಖ್ಯ ಕಾಂಡಕ್ಕೆ ಮಾತ್ರ ಈ ಬಳೆ ಹಾಕಬೇಡಿ. ಬೇರಿಗೆ ಊಟ ಹೋಗದೆ ಇಡೀ ಮರವೇ ಸಾಯುತ್ತದೆ.

ಒಂದೂವರೆ, ಎರಡು ತಿಂಗಳಿಗೆ ಬಿಳಿ ಬೇರು ಪ್ಲಾಸ್ಟಿಕ್ಕಿಗೆ ತಾಗಿ ಕಾಣುತ್ತದೆ. ಅದು ಕಂದು ಬಣ್ಣಕ್ಕೆ ತಿರುಗುವವರೆಗೆ ಕಾಯಿರಿ. ಕೆಳಗಡೆ ಕತ್ತರಿಸಿ, ಪ್ಲಾಸ್ಟಿಕ್ ಬಿಡಿಸಿ ಕುಂಡದಲ್ಲಿಡಿ. ಅರ್ಧದಷ್ಟು ಎಲೆ ಚಿವುಟಿಬಿಡಿ: ಅಷ್ಟು ಎಲೆಗೆ ನೀರು ಕೊಡುವ ತಾಕತ್ತು ಆ ಎಳೆ ಬೇರಿಗಿಲ್ಲ. ಮೂರು ವಾರ ನೆರಳಲ್ಲಿರಲಿ. ನಮ್ಮದು ಬಚ್ಚಲಿನ ಹಿಂದೆ ಇರುತ್ತದೆ.