ಐದು ಜನರ ಮನೆಗೆ ಅರ್ಧ ಎಕರೆ ಗದ್ದೆ: ಬೆಳೆದ ಭತ್ತ ಬಟ್ಟಲಿಗೆ ಬರುವ ತನಕ

ತೀರ್ಥಹಳ್ಳಿ, ಹೊಸನಗರದ ಕಡೆ ಗದ್ದೆಗಳಿಗೂ ಅಡಿಕೆ ಸಸಿ ಬರುತ್ತಿದೆ. ನಾವು ಅರ್ಧ ಎಕರೆಯನ್ನು ಊಟದ ಭತ್ತಕ್ಕೆಂದೇ ಉಳಿಸಿಕೊಂಡಿದ್ದೇವೆ. ಲೆಕ್ಕ ಇಷ್ಟೇ: ತಲೆಗೆ ದಿನಕ್ಕೆ 300 ಗ್ರಾಂ ಅಕ್ಕಿಯಂತೆ ಐವರಿಗೆ ವರ್ಷಕ್ಕೆ ಸುಮಾರು 550 ಕೆಜಿ. ಕ್ವಿಂಟಲ್ ಭತ್ತಕ್ಕೆ 62ರಿಂದ 65 ಕೆಜಿ ಅಕ್ಕಿ ಬೀಳುವುದರಿಂದ ಒಂಬತ್ತು ಕ್ವಿಂಟಲ್ ಭತ್ತ ಬೇಕು. ಮಳೆ ನಂಬಿದ ಅರ್ಧ ಎಕರೆ ಅಷ್ಟು ಕೊಡುತ್ತದೆ. ಅದರಲ್ಲಿ ಹತ್ತಕ್ಕೊಂದು ಪಾಲು ಹಾಳಾದರೂ ಮನೆಯ ಒಂದು ತಿಂಗಳಿಗೆ ಮಿಕ್ಕಿದ ಅನ್ನ ಹೋದಂತೆ. ಇಳುವರಿಗಾಗಿ ತಲೆಬಿಸಿ ಮಾಡುವುದಕ್ಕಿಂತ ಈ ಸೋರಿಕೆ ತಡೆಯುವುದು ಅಗ್ಗ.

ಬೀಜ 12 ಕೆಜಿ ಸಾಕು. 10 ಲೀಟರ್ ನೀರಿಗೆ ಒಂದೂವರೆ ಕೆಜಿ ಉಪ್ಪು ಕದಡಿ, ಕೋಳಿಮೊಟ್ಟೆ ತೇಲುವಂತಾದಾಗ ಬೀಜ ಸುರಿಯಬೇಕು. ತೇಲಿದ್ದು ಜಳ್ಳು. ಮುಳುಗಿದ್ದನ್ನು ಎರಡು ಮೂರು ನೀರಿನಲ್ಲಿ ತೊಳೆಯದಿದ್ದರೆ ಮೊಳಕೆ ಕುಂಠಿತವಾಗುತ್ತದೆ. ಯೂರಿಯಾವನ್ನು ಕಂತಿನಲ್ಲೇ ಕೊಡಬೇಕು. ಒಮ್ಮೆಲೇ ಸುರಿದರೆ ಮೋಡ ಮುಸುಕಿದ ದಿನಗಳಲ್ಲಿ ಬೆಂಕಿರೋಗಕ್ಕೆ ಆಹ್ವಾನ ಕೊಟ್ಟಂತೆ.

ತೆನೆ ಶೇ. 80–85ರಷ್ಟು ಹಳದಿಯಾದ ಕೂಡಲೇ ಕೊಯ್ಲು. ಪೂರ್ತಿ ಒಣಗಲಿ ಎಂದು ಬಿಟ್ಟರೆ ಕಾಳು ಉದುರುತ್ತದೆ. ಅದಕ್ಕಿಂತ ಕಣ್ಣಿಗೆ ಕಾಣದ ನಷ್ಟ ಇನ್ನೊಂದಿದೆ: ಹಗಲು ಬಿಸಿಲು, ರಾತ್ರಿ ಇಬ್ಬನಿಗೆ ಕಾಳು ಸಿಪ್ಪೆಯೊಳಗೇ ಬಿರಿದು ಗಿರಣಿಯಲ್ಲಿ ನುಚ್ಚಾಗುತ್ತದೆ. ಒಣಗಿಸುವಾಗಲೂ ಇದೇ ಭಯ. ಟಾರ್ಪಾಲಿನ್ ಮೇಲೆ ಎರಡಿಂಚಿಗಿಂತ ದಪ್ಪ ಹರಡದೆ, ಗಂಟೆಗೊಮ್ಮೆ ಕಾಲಿನಿಂದ ಸಾಲೆಳೆದು ಮಗುಚಬೇಕು. ಸಂಜೆ ಇಬ್ಬನಿಗೆ ಮೊದಲೇ ರಾಶಿ ಮಾಡಿ ಮುಚ್ಚಬೇಕು.

ಒಣಗಿದ್ದು ಗೊತ್ತಾಗುವುದು ಹೇಗೆ? ಹಲ್ಲಿನಲ್ಲಿ ಕಚ್ಚಿದರೆ ಕಟಕ್ಕನೆ ಮುರಿಯಬೇಕು ಎನ್ನುವುದು ಹಳೆಯ ಲೆಕ್ಕ. ಅನುಮಾನವಿದ್ದರೆ ಒಣ ಗಾಜಿನ ಬಾಟಲಿಗೆ ಒಂದು ಹಿಡಿ ಭತ್ತ, ಒಂದು ಚಮಚ ಒಣ ಪುಡಿಉಪ್ಪು ಹಾಕಿ ಚೆನ್ನಾಗಿ ಕುಲುಕಿ ಕಾಲು ಗಂಟೆ ಬಿಡಿ. ಉಪ್ಪು ಗಾಜಿಗೆ ಮೆತ್ತಿಕೊಂಡರೆ ತೇವ ಶೇ. 15ಕ್ಕಿಂತ ಮೇಲಿದೆ, ಇನ್ನೂ ಬಿಸಿಲು ಬೇಕು. ಮೆತ್ತದಿದ್ದರೂ ಇನ್ನೊಂದು ಬಿಸಿಲು ಕಾಣಿಸುವುದು ಒಳ್ಳೆಯದು, ಏಕೆಂದರೆ ವರ್ಷವಿಡೀ ಇಡುವ ಭತ್ತದ ತೇವ ಶೇ. 12–13ಕ್ಕೆ ಇಳಿದಿರಬೇಕು.

ದಾಸ್ತಾನು ಭತ್ತವಾಗಿಯೇ ಇರಲಿ, ಅಕ್ಕಿಯಾಗಿ ಅಲ್ಲ. ಸಿಪ್ಪೆ ಇರುವಷ್ಟು ದಿನ ಹುಳದ ಕಾಟ ಕಡಿಮೆ. ಎರಡು ತಿಂಗಳಿಗೆ ಬೇಕಾದಷ್ಟನ್ನೇ ಗಿರಣಿಗೆ ಒಯ್ದರಾಯಿತು. ಪಣತ (ಭತ್ತ ತುಂಬಿಡುವ ಕಣಜ) ಇಲ್ಲದವರು ಚೀಲಗಳನ್ನು ಮರದ ಹಲಗೆಯ ಮೇಲೆ, ಗೋಡೆಯಿಂದ ಒಂದಡಿ ಬಿಟ್ಟು ಜೋಡಿಸಬೇಕು. ಆಷಾಢದಲ್ಲಿ ನಮ್ಮ ಮಲೆನಾಡಿನ ನೆಲ, ಗೋಡೆ ಎರಡೂ ಬೆವರುತ್ತವೆ. ತಾಗಿದ ಕಡೆಯಿಂದಲೇ ಬೂಷ್ಟು ಶುರು. ಹಳೆಯ ಗೋಣಿಚೀಲದ ಹೊಲಿಗೆಯೊಳಗೆ ಹುಳು, ಮೊಟ್ಟೆ ಅಡಗಿರುತ್ತವೆ, ಕುದಿನೀರಿನಲ್ಲಿ ಅದ್ದಿ ಒಣಗಿಸಿಯೇ ತುಂಬಬೇಕು. ನೆರಳಲ್ಲಿ ಒಣಗಿಸಿದ ಲಕ್ಕಿ ಸೊಪ್ಪು ನಡುನಡುವೆ ಹಾಕುವ ರೂಢಿ ಒಳ್ಳೆಯದೇ, ಆದರೆ ಹಸಿ ಭತ್ತವನ್ನು ಯಾವ ಸೊಪ್ಪೂ ಕಾಯುವುದಿಲ್ಲ.

ಗಿರಣಿಯಲ್ಲಿ ಒಂದೇ ಪಾಲಿಶ್ ಸಾಕು. ನುಚ್ಚು ಗಂಜಿಗೆ, ತೌಡು ಕೊಟ್ಟಿಗೆಗೆ.

ಎರಡು ಹೆಕ್ಟೇರಿಗಿಂತ ಚಿಕ್ಕ ಹಿಡುವಳಿಗಳು ಜಗತ್ತಿನ ಸುಮಾರು ಶೇ. 35ರಷ್ಟು ಆಹಾರ ಬೆಳೆಯುತ್ತವೆ ಎಂಬ ಅಂದಾಜಿದೆ. ಇನ್ನೊಂದು ಕಡೆ, 2022ರಲ್ಲಿ ಪೋಲಾದ ಆಹಾರ 105 ಕೋಟಿ ಟನ್, ಅದರಲ್ಲಿ ಶೇ. 60ರಷ್ಟು ಮನೆಗಳಲ್ಲೇ ಎನ್ನುತ್ತದೆ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2024ರ ವರದಿ. ಗದ್ದೆ, ಪಣತಗಳಲ್ಲಿ ಕಾಪಾಡಿದ್ದು ಅಡುಗೆಮನೆಯಲ್ಲಿ ಹೋಗಬಾರದಲ್ಲ. ಅಕ್ಕಿಯನ್ನು ಕಣ್ಣಳತೆಯಲ್ಲಿ ಹಾಕದೆ ಪಾವಿನಲ್ಲೇ ಅಳೆಯಿರಿ. ಮಿಕ್ಕ ಅನ್ನವನ್ನು ಬಿಸಿ ಪಾತ್ರೆಯಲ್ಲಿ ಮುಚ್ಚಿಟ್ಟರೆ ಬೆಳಿಗ್ಗೆ ಲೋಳೆ. ಅಂಥದ್ದನ್ನು ಮತ್ತೆ ಕುದಿಸಿದರೂ ಹೊಟ್ಟೆ ಕೆಡಬಹುದು. ತಟ್ಟೆಗೆ ಹರವಿ ಬೇಗ ಆರಿಸಿ ಫ್ರಿಜ್ಜಿನಲ್ಲಿಡಿ. ಮರುದಿನ ಒಂದು ಪಾಲು ಅನ್ನ ನುರಿದು, ಎರಡು ಪಾಲು ಅಕ್ಕಿಹಿಟ್ಟು, ಉಪ್ಪು, ಬಿಸಿನೀರು ಹಾಕಿ ನಾದಿದರೆ ರೊಟ್ಟಿ ಮೆತ್ತಗಾಗುತ್ತದೆ. ಅನ್ನ ಹೆಚ್ಚಾದರೆ ಮಾತ್ರ ಕಾವಲಿಗೆ ಅಂಟಿ ಹರಿಯುತ್ತದೆ.