ದುಬಾರಿ ಯಂತ್ರ ಇಲ್ಲದೆ ಡ್ರಾಪ್ಲೆಟ್ ಪ್ರಯೋಗ ಶುರು ಮಾಡೋದು ಹೇಗೆ

ಒಂದೊಂದು ಜೀವಕೋಶವನ್ನು ಒಂದೊಂದು ಹನಿಯಲ್ಲಿ ಕೂಡಿಹಾಕಿ ನೋಡಬೇಕು ಅಂದ ಕೂಡಲೇ ಎಷ್ಟೋ ಜನ ದೊಡ್ಡ ಯಂತ್ರದ ಕೊಟೇಶನ್ ತರಿಸೋಕೆ ಹೊರಡುತ್ತಾರೆ. ಅಷ್ಟು ಅವಸರ ಬೇಡ. ಎರಡು ಮೂರು ಸಿರಿಂಜ್ ಪಂಪ್, ಒಂದು ಪಿಡಿಎಂಎಸ್ ಚಿಪ್ (ಸಿಲಿಕೋನ್ ರಬ್ಬರ್‌ನಲ್ಲಿ ಕೂದಲೆಳೆಯಂಥ ಕಾಲುವೆಗಳಿರುವ ತುಂಡು), ಕ್ಯಾಮೆರಾ ಇರುವ ಸಾಧಾರಣ ಮೈಕ್ರೋಸ್ಕೋಪ್, ಫ್ಲೋರಿನೇಟೆಡ್ ಎಣ್ಣೆ, ಹನಿಗಳು ಒಂದಕ್ಕೊಂದು ಸೇರದಂತೆ ತಡೆಯುವ, ಆ ಎಣ್ಣೆಗೆ ಹೊಂದುವ ಸರ್ಫ್ಯಾಕ್ಟಂಟ್ ಇದ್ದರೆ ಹನಿ ಮಾಡೋಕೆ ಸಾಕು. 2015ರಲ್ಲಿ ಡ್ರಾಪ್-ಸೀಕ್ ಅನ್ನೋ ವಿಧಾನದಿಂದ ಇಲಿ ರೆಟಿನಾದ 44,000ಕ್ಕೂ ಜಾಸ್ತಿ ಜೀವಕೋಶಗಳ ಆರ್‌ಎನ್‌ಎ ಓದುವಾಗ, ಅವನ್ನು ಹನಿಗಳಲ್ಲಿ ಕೂಡಿಹಾಕಿದ್ದು ಇಂಥ ಸಲಕರಣೆಯಿಂದಲೇ.

ಮೊದಲ ಸಲ ಜೀವಕೋಶ ಹಾಕಲೇಬೇಡಿ. ಬರೀ ಬಫರ್ (ಜೀವಕೋಶಗಳನ್ನು ಇಡುವ ಉಪ್ಪಿನ ನೀರು) ಮತ್ತು ಎಣ್ಣೆಯನ್ನು ಚಿಪ್‌ಗೆ ಹಾಯಿಸಿ, ಮೊದಲು ಎಣ್ಣೆ, ಆಮೇಲೆ ಬಫರ್. ನಡುವೆ ಬರುವ ನೀರನ್ನು ಎರಡೂ ಕಡೆಯಿಂದ ಎಣ್ಣೆ ಹಿಂಡಿ ತುಂಡು ಮಾಡುವ ಜಾಗದ ಮೇಲೆ ಕಣ್ಣಿಡಿ. ನೀರು ಗೋಡೆಗೆ ಅಂಟಿಕೊಂಡು ಉದ್ದಕ್ಕೆ ಎಳೆದುಕೊಂಡು ಹೋಗ್ತಾ ಇದ್ದರೆ ಪಂಪ್ ವೇಗ ಎಷ್ಟು ತಿರುಗಿಸಿದರೂ ಪ್ರಯೋಜನ ಇಲ್ಲ, ಯಾಕಂದ್ರೆ ಪ್ಲಾಸ್ಮಾ (ವಿದ್ಯುತ್ ಹಾಯಿಸಿದ ಅನಿಲ) ತಾಗಿಸಿ ಗಾಜಿಗೆ ಅಂಟಿಸಿದ ಪಿಡಿಎಂಎಸ್ ನೀರನ್ನು ಇಷ್ಟಪಡುತ್ತದೆ. ಗೋಡೆಗೆ ನೀರು ಅಂಟದಂತೆ ಮಾಡುವ ಫ್ಲೋರೋಸಿಲೇನ್ ಹಾಯಿಸಿ, ಗಾಳಿ ಊದಿ, ಒಣಗಿಸಿ ಮತ್ತೆ ನೋಡಿ.

ಚಿಪ್‌ನ ಕಾಲುವೆ ಮುಚ್ಚಿಹೋಗೋದಕ್ಕೆ ಮುಖ್ಯ ಕಾರಣ ಕಸ. ಎಣ್ಣೆ, ಬಫರ್ ಎರಡನ್ನೂ 0.2 ಮೈಕ್ರಾನ್ ಫಿಲ್ಟರ್‌ನಲ್ಲಿ ಸೋಸಿ. ಟ್ಯೂಬ್ ಜೋಡಿಸೋಕೆ ತೂತು ಹೊಡೆದಾಗ ಉಳಿಯುವ ಪಿಡಿಎಂಎಸ್ ಚೂರುಗಳನ್ನು ಅಂಟಿಸುವ ಮೊದಲೇ ಟೇಪ್‌ನಿಂದ ತೆಗೆಯಿರಿ.

ಹನಿಗಳು ಒಮ್ಮೆ ದೊಡ್ಡದು, ಒಮ್ಮೆ ಚಿಕ್ಕದು ಅಂತ ತಾಳ ಹಾಕಿದ ಹಾಗೆ ಬದಲಾಗುತ್ತಿದ್ದರೆ ಪಂಪ್‌ನ ಮೋಟಾರ್ ಮೇಲೆ ಅನುಮಾನ ಪಡಿ. ಸಣ್ಣ ವ್ಯಾಸದ ಸಿರಿಂಜ್ ಹಾಕಿದರೆ ಹರಿವು ನಯವಾಗುತ್ತದೆ. ವೇಗ ಬದಲಾಯಿಸಿದ ಮೇಲೆ ಕೆಲವು ನಿಮಿಷ ಸುಮ್ನೆ ಕಾಯಿರಿ. ಹೈಸ್ಪೀಡ್ ಕ್ಯಾಮೆರಾ ಇಲ್ಲ ಅಂತ ಕೊರಗಬೇಡಿ, ಹೊರಬಂದ ಹನಿಗಳನ್ನು ಸ್ಲೈಡ್ ಮೇಲೆ ಒಂದೇ ಪದರದಲ್ಲಿ ಹರಡಿ ಫೋಟೋ ತೆಗೆದು, ಉಚಿತವಾಗಿ ಸಿಗುವ ಇಮೇಜ್‌ಜೆ ಸಾಫ್ಟ್‌ವೇರ್‌ನಲ್ಲಿ ವ್ಯಾಸ ಅಳೆಯಿರಿ.

ಈ ವ್ಯಾಸದ ಮೇಲೆಯೇ ಮುಂದಿನ ಲೆಕ್ಕವೆಲ್ಲ ನಿಂತಿದೆ. 100 ಮೈಕ್ರಾನ್ ಹನಿ ಅಂದರೆ ಸುಮಾರು 0.52 ನ್ಯಾನೋಲೀಟರ್. ಹತ್ತು ಹನಿಗೆ ಸರಾಸರಿ ಒಂದು ಜೀವಕೋಶ ಬೇಕಾದರೆ ಪ್ರತಿ ಮಿಲಿಲೀಟರ್‌ಗೆ ಸುಮಾರು 1.9 ಲಕ್ಷ ಜೀವಕೋಶ ಇರಬೇಕು. ಆಗ ಪಾಯ್ಸಾನ್ ಲೆಕ್ಕದಲ್ಲಿ (ಜೀವಕೋಶಗಳು ಯಾದೃಚ್ಛಿಕವಾಗಿ ಹನಿಗಳಿಗೆ ಬಿದ್ದರೆ ಎಷ್ಟೆಷ್ಟು ಅನ್ನೋ ಗಣಿತ) ಶೇ 90ರಷ್ಟು ಹನಿ ಖಾಲಿ, ಶೇ 9ರಷ್ಟರಲ್ಲಿ ಒಂದೇ ಜೀವಕೋಶ, ಶೇ 0.5ಕ್ಕಿಂತ ಕಡಿಮೆ ಹನಿಗಳಲ್ಲಿ ಎರಡು ಅಥವಾ ಜಾಸ್ತಿ. ಇಷ್ಟೊಂದು ಖಾಲಿ ಹೋಯ್ತಲ್ಲ ಅನ್ನಿಸುತ್ತದೆ ಅಲ್ವಾ? ಆದರೂ ಜೀವಕೋಶಗಳ ಸಂಖ್ಯೆ ಏರಿಸೋಕೆ ಹೋಗಬೇಡಿ. ಎರಡು ಜೀವಕೋಶ ಸೇರಿದ ಹನಿಯ ಡೇಟಾವನ್ನು ಆಮೇಲೆ ಬಿಡಿಸೋದು ತುಂಬಾ ಕಷ್ಟ.

ಜೀವಕೋಶಗಳನ್ನು 40 ಮೈಕ್ರಾನ್ ಜಾಲರಿಯಲ್ಲಿ ಸೋಸಿ ಸಿರಿಂಜ್‌ಗೆ ತುಂಬಿ. ಅವು ತಳ ಸೇರುತ್ತವೆ, ಹಾಗಾಗಿ ಸಿರಿಂಜ್ ಒಳಗೆ ಪುಟ್ಟ ಮ್ಯಾಗ್ನೆಟಿಕ್ ಸ್ಟರರ್ ಹಾಕಿ ಮೆಲ್ಲಗೆ ತಿರುಗಿಸಬಹುದು, ಇಲ್ಲಾಂದ್ರೆ ಆಪ್ಟಿಪ್ರೆಪ್ ಅನ್ನೋ ಭಾರವಾದ ದ್ರಾವಣ ಬೆರೆಸಿ ದ್ರವದ ಸಾಂದ್ರತೆ ಹೊಂದಿಸಬಹುದು.

ಚಿಪ್ಪೇ ಇಲ್ಲದ ದಾರಿಯೂ ಇದೆ. ಒಂದೇ ಅಳತೆಯ ಹೈಡ್ರೋಜೆಲ್ (ನೀರು ತುಂಬಿದ ಜೆಲ್) ಮಣಿಗಳನ್ನು ಸ್ಯಾಂಪಲ್ ಜೊತೆ ಎಣ್ಣೆಗೆ ಹಾಕಿ ವೋರ್ಟೆಕ್ಸ್ ಯಂತ್ರದಲ್ಲಿ ಜೋರಾಗಿ ಅಲ್ಲಾಡಿಸಿದರೆ ಪ್ರತಿ ಮಣಿಯ ಸುತ್ತ ಹೆಚ್ಚುಕಮ್ಮಿ ಒಂದೇ ಗಾತ್ರದ ಹನಿ ಕೂರುತ್ತದೆ. ಪಂಪ್ ಇಲ್ಲದ ಲ್ಯಾಬ್‌ಗೆ ನಾನು ಮೊದಲು ಹೇಳೋದು ಇದನ್ನೇ.

ಕೊನೆಗೆ ಟ್ಯೂಬ್‌ನಲ್ಲಿ ಫ್ಲೋರಿನೇಟೆಡ್ ಎಣ್ಣೆ ತಳಕ್ಕೆ ಇಳಿದು ಹನಿಗಳು ಮೇಲೆ ತೇಲುತ್ತವೆ. ಒಣಗದಂತೆ ಮೇಲೊಂದು ಪದರ ಮಿನರಲ್ ಆಯಿಲ್ ಹಾಕಿ, ಅಗಲ ಬಾಯಿಯ ಟಿಪ್‌ನಿಂದ ನಿಧಾನವಾಗಿ ಎತ್ತಿ. ಹನಿ ಒಡೆಯಬೇಕಾದಾಗ ಪರ್‌ಫ್ಲೋರೋಆಕ್ಟನಾಲ್ ಅನ್ನೋ ರಾಸಾಯನಿಕ ಬಳಸಿ, ಅದನ್ನು ಫ್ಯೂಮ್ ಹುಡ್ (ಆವಿಯನ್ನು ಹೊರಗೆಳೆಯುವ ಪೆಟ್ಟಿಗೆ) ಒಳಗೇ ಹಾಕಿ.